ಲುಲೆಯೊದಲ್ಲಿ ಇರಬೇಕಾದವಳು

ಜೂನ್ ತಿಂಗಳ ಒಂದು ಶನಿವಾರ ತಾವು ನೆಲೆಸಿದ್ದ ದಕ್ಷಿಣ ಸ್ವೀಡನ್ನಿನ ಲುಂಡ್‌ನಿಂದ ಬೆಳಗಿನ ಮೊದಲ ಬಸ್ಸು ಹಿಡಿದ ಅವಿನಾಶ್, ಲಾವಣ್ಯಾ ಮತ್ತು ಅವರ ಐದು ವರ್ಷದ ಮಗಳು ಇರಾ ಒಂಬತ್ತೂವರೆಯ ಹೊತ್ತಿಗೆ ಗೋಥೆನ್‌ಬರ್ಗ್‌ನಲ್ಲಿ ಇಳಿದರು. ರೈಲಿಗಿಂತ ಬಸ್ಸು ಅಗ್ಗ. ಉಳಿಯಲು ಹಾಸ್ಟೆಲ್ಲು; ಹೊದಿಕೆ, ದಿಂಬಿನ ಕವರು ತಾವೇ ಒಯ್ದರೆ ಅದು ಇನ್ನೂ ಅಗ್ಗ. ಅವಿನಾಶನ ಬೆನ್ನುಚೀಲದಲ್ಲಿ ಎರಡು ದಿನಕ್ಕಾಗುವಷ್ಟು ಚಪಾತಿ, ಪುಳಿಯೋಗರೆ, ಚಟ್ನಿಪುಡಿ ಇದ್ದವು. ಊರನ್ನೆಲ್ಲ ನಡೆದೇ ನೋಡುವುದೆಂದು ಲಾವಣ್ಯಾ ಮೊದಲೇ ತೀರ್ಮಾನಿಸಿದ್ದಳು. ಯಾವ ಬೀದಿಯಿಂದ ಯಾವ ಕಾಲುವೆಗೆ ಎಷ್ಟು ನಿಮಿಷ, ಎಲ್ಲಿ ಶೌಚಾಲಯ, ಎಲ್ಲಿ ಕೂತು ತಿನ್ನಲು ಬೆಂಚು, ಎಲ್ಲ ಅವಳ ಫೋನಿನಲ್ಲಿತ್ತು.

"ಮೇಡಂ, ಮುಂದಿನ ಆರ್ಡರ್ ಏನು?" ಎಂದು ಅವಿನಾಶ್ ಪ್ರತಿ ತಿರುವಿನಲ್ಲೂ ಕೇಳುತ್ತಿದ್ದ. ಅವನಿಗೆ ಇದು ತಮಾಷೆ, ಜೊತೆಗೆ ನೆಮ್ಮದಿ. ಆಫೀಸಿನಲ್ಲೂ ಲಾವಣ್ಯಾಳ ಟೀಮಿನವರು ಹೀಗೇ ಹೇಳುತ್ತಿದ್ದರು: ಲಾವಣ್ಯಾ ನೋಡಿಕೊಳ್ತಾಳೆ ಅಂದರೆ ಮುಗೀತು.

ಹಾಗಾ ಎಂಬ ಹಳೆಯ ಬಡಾವಣೆಯ ಕಲ್ಲುಹಾಸಿನ ಬೀದಿಯಲ್ಲಿ ಒಂದು ಬೇಕರಿಯ ಮುಂದೆ ನಿಂತು, ತಟ್ಟೆಯಷ್ಟಗಲದ ದಾಲ್ಚಿನ್ನಿ ಬನ್ನಿನ ಫೋಟೊ ತೆಗೆದು ಅವಳು ತಂಗಿಗೆ ಕಳಿಸಿದಳು. ಜೊತೆಗೆ ಒಂದು ಸಾಲು: 'ಸರ್ಪ್ರೈಸ್! ಒಂದು ವಾರ ಮುಂಚೆನೇ ಬಂದ್ವಿ. ನೀನೂ ಇರಬೇಕಿತ್ತು ಕಣೆ.'

ತಂಗಿ ಶ್ರಾವಣಿ ಇದ್ದದ್ದು ದೇಶದ ಉತ್ತರ ತುದಿಯ ಲುಲೆಯೊದಲ್ಲಿ. ಅಲ್ಲಿ ಎಂಎಸ್ ಓದು. ಎರಡನೇ ವರ್ಷ ಮುಗಿಯುತ್ತ ಬಂದಿತ್ತು, ಥೀಸಿಸ್ ನಡೆಯುತ್ತಿತ್ತು. ಪ್ರವಾಸಕ್ಕೆ ಬಾ ಎಂದು ಲಾವಣ್ಯಾ ಕರೆದಾಗ ಅವಳು, "ಸಾವಿರದ ಮುನ್ನೂರು ಕಿಲೋಮೀಟರ್ ಅಕ್ಕ, ಅದೂ ಥೀಸಿಸ್ ಟೈಮಲ್ಲಿ, ಹೇಗೆ ಬರ್ಲಿ?" ಎಂದಿದ್ದಳು. ಆಗ ಪ್ರವಾಸ ಮುಂದಿನ ವಾರಕ್ಕೆಂದು ಇತ್ತು. ಹಾಸ್ಟೆಲ್ಲಿನಲ್ಲಿ ಆ ವಾರ ಜಾಗವಿಲ್ಲದೆ ಈ ವಾರಕ್ಕೆ ಬದಲಾಯಿಸಿದ್ದನ್ನು ಲಾವಣ್ಯಾ ಅವಳಿಗೆ ಹೇಳಿರಲಿಲ್ಲ.

ಅಕ್ಕತಂಗಿಯರಿಗೆ ಹತ್ತು ವರ್ಷದ ಅಂತರ. ಅಪ್ಪ ತೀರಿಕೊಂಡಾಗ ಲಾವಣ್ಯಾಳಿಗೆ ಇಪ್ಪತ್ತೊಂದು, ಶ್ರಾವಣಿಗೆ ಹನ್ನೊಂದು. ಅಲ್ಲಿಂದಾಚೆ ಶ್ರಾವಣಿಯ ಶಾಲೆ, ಟ್ಯೂಷನ್ನು, ಇಂಜಿನಿಯರಿಂಗು, ಕೊನೆಗೆ ಸ್ವೀಡನ್ನಿನ ಅರ್ಜಿಯವರೆಗೆ ಎಲ್ಲವನ್ನೂ ಲಾವಣ್ಯಾಳೇ ನೋಡಿಕೊಂಡಿದ್ದಳು. ಬನಶಂಕರಿಯ ಮನೆಯಲ್ಲಿದ್ದ ಅಮ್ಮನಿಗೆ ಅವಳು ಫೋನಿನಲ್ಲಿ ವರದಿ ಒಪ್ಪಿಸುತ್ತಿದ್ದಳು, ಅಷ್ಟೇ. ಪ್ರತಿ ಭಾನುವಾರ ಹನ್ನೊಂದಕ್ಕೆ ಲುಲೆಯೊಗೆ ಕರೆ. "ಥೀಸಿಸ್ ಎಲ್ಲಿಗೆ ಬಂತು?" "ನಡೀತಿದೆ ಅಕ್ಕ." "ಗೈಡ್ ಏನಂದ್ರು?" "ಓಕೆ ಅಂದ್ರು." "ಹೊರಗೆ ಎಷ್ಟಿದೆ?" "ಮೈನಸ್ ಹದಿನೆಂಟು." ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು.

ಹಾಗಾದಿಂದ ಐದೇ ನಿಮಿಷ ನಡೆದರೆ ಚರ್ಚಿನಂತೆ ಕಾಣುವ ಮೀನಿನ ಮಾರುಕಟ್ಟೆ, ಅದರ ಪಕ್ಕದಲ್ಲಿ ಕಾಲುವೆ, ಕಾಲುವೆಗೆ ಅಡ್ಡಲಾಗಿ ತೀರಾ ತಗ್ಗಾದ ಒಂದು ಸೇತುವೆ. ಪ್ರವಾಸಿಗರ ಚಪ್ಪಟೆ ದೋಣಿಗಳು ಇದರಡಿ ನುಸುಳುವಾಗ ಕೂತವರೆಲ್ಲ ಬೆಂಚಿನಿಂದ ಜಾರಿ ನೆಲಕ್ಕೆ ಕೂರಬೇಕು. ಇಲ್ಲದಿದ್ದರೆ ತಲೆ ಉಳಿಯುವುದಿಲ್ಲ. ಊರಿನವರು ಸೇತುವೆಗೆ ಚೀಸ್ ಹೆರೆಯುವ ಚಾಕುವಿನ ಹೆಸರಿಟ್ಟಿದ್ದರು. ಈ ಗಮ್ಮತ್ತನ್ನು ಮೇಲಿನಿಂದ ಪುಕ್ಕಟೆಯಾಗಿ ನೋಡಬಹುದೆಂದು ಲಾವಣ್ಯಾ ಓದಿದ್ದಳು. ಮೂವರೂ ಕಂಬಿಗೆ ಒರಗಿ ನಿಂತರು. ಬಿಸಿಲಿತ್ತು. ದಡದ ಹುಲ್ಲಿನ ಮೇಲೆ ಜನ ಅಂಗಿ ಬಿಚ್ಚಿ ಮಲಗಿದ್ದರು.

ದೂರದ ತಿರುವಿನಲ್ಲಿ ದೋಣಿ ಕಾಣಿಸಿತು. ಮುಂಭಾಗದಲ್ಲಿ ಕಡುನೀಲಿ ಜಾಕೆಟ್ಟಿನ ಒಬ್ಬ ಹುಡುಗಿ ಜನರ ಕಡೆ ಮುಖ ಮಾಡಿ, ಸೇತುವೆಗೆ ಬೆನ್ನು ಹಾಕಿ ಮೈಕಿನಲ್ಲಿ ಮಾತಾಡುತ್ತಿದ್ದಳು. ಮೊದಲು ಸ್ವೀಡಿಷ್‌ನಲ್ಲಿ ಏನೋ ಹೇಳಿದಳು, ದೋಣಿಯವರೆಲ್ಲ ನಕ್ಕರು. ಮತ್ತೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಳು, ಉಳಿದವರು ನಕ್ಕರು.

"ತಿತ್ತಾ, ಮಮ್ಮಾ!" ದನಿ ಕೇಳಿದ್ದೇ ಇರಾ, ನೋಡು ಎಂದು ಸ್ವೀಡಿಷ್‌ನಲ್ಲಿ ಹೇಳಿ ಕೈ ತೋರಿಸಿದಳು. "ಚಿಕ್ಕಿ!"

"ಚಿಕ್ಕಿ ಅಲ್ಲ ಪುಟ್ಟಿ, ಅವಳ ಥರ ಯಾರೋ," ಎಂದಳು ಲಾವಣ್ಯಾ.

"ಚಿಕ್ಕೀ!" ಇರಾ ಕಂಬಿಯ ಸಂದಿಯಿಂದ ಕೂಗಿದಳು.

ಮೈಕು ಹಿಡಿದ ಹುಡುಗಿ ತಿರುಗಿ ತಲೆಯೆತ್ತಿದಳು.

ಹೇಳುತ್ತಿದ್ದ ವಾಕ್ಯ ಅರ್ಧಕ್ಕೆ ನಿಂತಿತು. ಸ್ಪೀಕರಿನಿಂದ ಬರೀ ಉಸಿರು ಕೇಳಿಸಿತು. ಎಡಹುಬ್ಬಿನ ಮೇಲಿನ ಚಿಕ್ಕ ಗಾಯದ ಗುರುತು, ಉಗುರು ಕಚ್ಚುವಾಗಿನಂತೆ ಬಾಯಿಗೆ ಹೋದ ಹೆಬ್ಬೆರಳು, ಎಲ್ಲ ಮೂರು ಮೀಟರಿನಷ್ಟು ಹತ್ತಿರದಲ್ಲಿ. ಲಾವಣ್ಯಾಳ ಎರಡೂ ಕೈ ಕಂಬಿಯನ್ನು ಬಿಗಿಯಾಗಿ ಹಿಡಿದವು. ಮುಂದಿನ ಕ್ಷಣ ಚಾಲಕ ಏನೋ ಕೂಗಿದ, ದೋಣಿಯಲ್ಲಿದ್ದವರೆಲ್ಲ ಧಪಧಪನೆ ನೆಲಕ್ಕೆ ಕೂತರು, ಶ್ರಾವಣಿಯೂ ಕುಸಿದಂತೆ ಕೂತಳು, ದೋಣಿ ಅವರ ಕಾಲಡಿ ಮಾಯವಾಯಿತು.

ಲಾವಣ್ಯಾ ಟ್ರಾಮು ಬರುತ್ತಿದೆಯೋ ಸೈಕಲ್ ಬರುತ್ತಿದೆಯೋ ನೋಡದೆ ಸೇತುವೆಯ ಆಚೆ ಬದಿಗೆ ಓಡಿದಳು. ದೋಣಿ ಹೊರಬಂತು. ಶ್ರಾವಣಿ ಎದ್ದು ನಿಂತು, ಈಗ ದೋಣಿಯ ಹಿಂಬದಿಗೆ, ಅಂದರೆ ಅಕ್ಕನ ಕಡೆಗೇ ಮುಖ ಮಾಡಿದ್ದಳು. ಮೈಕು ಬಾಯಿಯ ಹತ್ತಿರ ಇತ್ತು. ಅವಳು ಮಾತು ಮುಂದುವರಿಸಿದಳು. ದನಿ ನಡುಗುತ್ತಿತ್ತು, ಆದರೂ ಬಲಗಡೆಯ ಕಟ್ಟಡ ಯಾವ ಕಾಲದ್ದು, ಯಾರು ಕಟ್ಟಿಸಿದ್ದು ಎಂದೆಲ್ಲ ಹೇಳುತ್ತ ಹೋದಳು. ದೋಣಿ ದೊಡ್ಡ ನದಿಯ ಕಡೆ ತಿರುಗಿ ಮರೆಯಾಯಿತು.

"ಅವಳೇ ಅಲ್ವಾ?" ಎಂದ ಅವಿನಾಶ್.

ಲಾವಣ್ಯಾ ಫೋನು ತೆಗೆದು ಕರೆ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಇನ್ನೊಮ್ಮೆ ಮಾಡಿದಳು. ಆಮೇಲೆ ಒಂದು ಮೆಸೇಜು ಬಂತು: 'ಹನ್ನೊಂದೂ ಮುಕ್ಕಾಲಿಗೆ ದೋಣಿಕಟ್ಟೆಗೆ ವಾಪಸ್ ಬರ್ತೀನಿ. ಅಲ್ಲಿರು ಅಕ್ಕ. ಪ್ಲೀಸ್.'

ದೋಣಿಕಟ್ಟೆಗೆ ಹತ್ತು ನಿಮಿಷದ ದಾರಿ. ಆ ದಾರಿ ಹೇಗೆ ಸವೆಯಿತೆಂದು ಲಾವಣ್ಯಾಳಿಗೆ ಆಮೇಲೆ ನೆನಪಾಗಲಿಲ್ಲ. ಕಾಲುವೆಯ ಪಕ್ಕದ ಮರದ ಸಾಲಿನಡಿ ಅವಿನಾಶ್ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹಿಂದೆ ಹಿಂದೆ ಬರುತ್ತಿದ್ದ. "ಯಾವುದೋ ವೀಕೆಂಡ್ ಜಾಬ್ ಇರಬಹುದು," ಎಂದ. "ಸ್ಟೂಡೆಂಟ್ಸ್ ಮಾಡ್ತಾರಲ್ಲ."

"ಸಾವಿರದ ಮುನ್ನೂರು ಕಿಲೋಮೀಟರ್ ಆಚೆ ವೀಕೆಂಡ್ ಜಾಬಾ? ಸ್ವೀಡಿಷ್ ಯಾವಾಗ ಕಲಿತ್ಲು ಅವಿ? ನಂಗೆ ಇಷ್ಟು ವರ್ಷ ಆದ್ರೂ ಆಫೀಸಲ್ಲಿ ಫಿಕಾ ಅಂತ ಕಾಫಿಗೆ ಕೂತಾಗ ನಾಲ್ಕು ಮಾತು ಆಡಕ್ಕಾಗಲ್ಲ. ಅವಳು ಜೋಕ್ ಮಾಡ್ತಿದ್ಲು. ಅವರೆಲ್ಲ ನಗ್ತಿದ್ರು."

ದೋಣಿಕಟ್ಟೆಯ ಟಿಕೆಟ್ ಗೂಡಿನಲ್ಲಿ ಕೆಂಚುಗೂದಲಿನ ಒಬ್ಬ ಹುಡುಗಿ ಕೂತಿದ್ದಳು. ಎದೆಯ ಪಟ್ಟಿಯಲ್ಲಿ ಮಾಯ್ಕೆನ್ ಎಂಬ ಹೆಸರಿತ್ತು. ಈಗ ಹೋದ ದೋಣಿಯ ಗೈಡ್ ಶ್ರಾವಣಿಯೇ ಎಂದು ಲಾವಣ್ಯಾ ಇಂಗ್ಲಿಷಿನಲ್ಲಿ ಕೇಳಿದಳು.

"ಶ್ರಾ? ಹೌದು! ನಮ್ಮಲ್ಲಿ ಬೆಸ್ಟ್ ಅವಳೇ. ಅವಳ ಟೂರ್ ಬೇಕಾ ನಿಮಗೆ?"

"ನಾನು ಅವಳ ಅಕ್ಕ."

ಮಾಯ್ಕೆನ್‌ಳ ನಗು ಅಲ್ಲೇ ಆರಿಹೋಯಿತು. "ನೀವು ಲಾವಣ್ಯಾ," ಎಂದಳು. ಅದು ಪ್ರಶ್ನೆಯಾಗಿರಲಿಲ್ಲ. ಅವಳು ಗೂಡಿನ ಬಾಗಿಲು ತೆರೆದು ಹೊರಗೆ ಬಂದು, "ದಯವಿಟ್ಟು ಅವಳನ್ನ ಬೈಯಬೇಡಿ. ಈಗ ಚೆನ್ನಾಗಿದ್ದಾಳೆ," ಎಂದಳು.

ಈಗ ಎಂಬ ಆ ಮಾತಿನಲ್ಲೇ ಲಾವಣ್ಯಾಳ ಮನಸ್ಸು ನಿಂತಿತು. ಈಗ ಚೆನ್ನಾಗಿದ್ದಾಳೆ ಎಂದರೆ ಮೊದಲು ಹೇಗಿದ್ದಳು? ಗುರುತಿಲ್ಲದ ಹುಡುಗಿಯೊಬ್ಬಳು ತನ್ನ ತಂಗಿಯನ್ನು ತನ್ನಿಂದ ಕಾಪಾಡಲು ಅಡ್ಡ ನಿಂತಿದ್ದಾಳೆ. ಲಾವಣ್ಯಾ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅವಿನಾಶ್ ಇರಾಳಿಗೆ ಚಪಾತಿ ಸುತ್ತಿಕೊಟ್ಟ. ಅರ್ಧ ಗಂಟೆ ಕಾದರು.

ದೋಣಿ ಬಂತು. ಶ್ರಾವಣಿ ಒಬ್ಬೊಬ್ಬರ ಕೈಹಿಡಿದು ಜನರನ್ನು ಇಳಿಸಿದಳು. ಮುದುಕಿಯೊಬ್ಬಳು ಅವಳ ಕೆನ್ನೆ ತಟ್ಟಿ ಏನೋ ಹೇಳಿ ಹೋದಳು. ಎಲ್ಲರೂ ಇಳಿದ ಮೇಲೆ ಅವಳು ಮೆಟ್ಟಿಲು ಹತ್ತಿ ಬಂದಳು. ಇರಾ ಓಡಿಹೋಗಿ ಅವಳ ಕಾಲು ತಬ್ಬಿದಳು. ಶ್ರಾವಣಿ ಅವಳನ್ನು ಎತ್ತಿಕೊಂಡು, ಆ ಮಗುವಿನ ಹಿಂದೆ ಅಡಗಿಕೊಂಡಂತೆ ನಿಂತಳು.

"ಮುಂದಿನ ವಾರ ಅಂದಿದ್ದೆ ಅಲ್ವಾ ಅಕ್ಕ," ಎಂದಳು. "ಮುಂದಿನ ವಾರ ರಜ ಹಾಕಿದ್ದೆ."

"ನಾವು ಬರ್ತೀವಿ ಅಂತ ರಜ ಹಾಕಿದ್ಯಾ? ನಮ್ಮ ಕಣ್ಣಿಗೆ ಬೀಳಬಾರದು ಅಂತ?"

"ಹೂಂ."

"ಥೀಸಿಸ್?"

"ಇಲ್ಲ ಅಕ್ಕ. ಶುರುನೇ ಮಾಡಿಲ್ಲ."

"ಎಷ್ಟು ದಿನದಿಂದ ಇಲ್ಲಿದೀಯ?"

"ಮಾರ್ಚಿಂದ."

ಲಾವಣ್ಯಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹದಿಮೂರು, ಹದಿನಾಲ್ಕು ಭಾನುವಾರ. "ಮತ್ತೆ ಮೈನಸ್ ಅಷ್ಟು, ಮೈನಸ್ ಇಷ್ಟು ಅಂತಿದ್ದೆ?"

"ಫೋನಲ್ಲಿ ಲುಲೆಯೊ ವೆದರ್ ನೋಡ್ಕೊಂಡು ಹೇಳ್ತಿದ್ದೆ."

ಅವಿನಾಶ್ ಮಗಳನ್ನು ಅವಳ ಕೈಯಿಂದ ತೆಗೆದುಕೊಂಡ. "ಕೂತ್ಕೊ ಶ್ರಾವಣಿ. ನಿಧಾನಕ್ಕೆ ಹೇಳು," ಎಂದ. ಮುಂದಿನ ಟೂರನ್ನು ತಾನು ನೋಡಿಕೊಳ್ಳುತ್ತೇನೆಂದು ಮಾಯ್ಕೆನ್ ಕೈಸನ್ನೆ ಮಾಡಿದಳು. ಕಾಲುವೆಗೆ ಮುಖ ಮಾಡಿದ ಬೆಂಚಿನಲ್ಲಿ ಮೂವರೂ ಕೂತರು. ಇರಾ ಬಾತುಕೋಳಿಗಳನ್ನು ಎಣಿಸುತ್ತ ನಿಂತಳು.

ಶ್ರಾವಣಿ ನೀರು ನೋಡುತ್ತ ಹೇಳಿದಳು. ಜನವರಿಯಲ್ಲಿ ಒಂದು ದಿನ ಬೆಳಗ್ಗೆ ಏಳಲಾಗಲಿಲ್ಲ. ಜ್ವರವಿರಲಿಲ್ಲ, ನೋವಿರಲಿಲ್ಲ. ಏಳಲಾಗಲಿಲ್ಲ, ಅಷ್ಟೇ. ಮಾರನೇ ದಿನವೂ ಹಾಗೇ. ಹೊರಗೆ ಕತ್ತಲು; ಎದ್ದರೂ ಅದೇ ಕತ್ತಲು. ಸ್ನಾನ ನಿಂತಿತು, ಆಮೇಲೆ ಊಟ. ಭಾನುವಾರ ಹನ್ನೊಂದಕ್ಕೆ ಮಾತ್ರ ಅಲಾರಂ ಇಟ್ಟು, ಗಂಟಲು ಸರಿಮಾಡಿಕೊಂಡು, "ನಡೀತಿದೆ ಅಕ್ಕ" ಎನ್ನುತ್ತಿದ್ದಳು. ಹತ್ತೊಂಬತ್ತು ದಿನ ರೂಮಿನಿಂದ ಹೊರಗೆ ಬರಲಿಲ್ಲ. ಅದೇ ಕಾರಿಡಾರಿನ ಕೊನೆಯ ರೂಮಿನ ಮಾಯ್ಕೆನ್ ಅನುಮಾನ ಬಂದು ಬಾಗಿಲು ತೆಗೆಸಿ ಆ್ಯಂಬುಲೆನ್ಸ್ ಕರೆದಳು.

"ಆಸ್ಪತ್ರೇಲಿ ಹದಿನಾರು ದಿನ ಇದ್ದೆ," ಎಂದಳು ಶ್ರಾವಣಿ. "ಡಾಕ್ಟರ್ ಲೆಟರ್ ಕೊಟ್ಟು ಓದಿಗೆ ಬ್ರೇಕ್ ತಗೊಂಡಿದೀನಿ. ಮಾಯ್ಕೆನ್ ಓದು ಮುಗಿಸಿ ಊರಿಗೆ ಬಂದ್ಲು, ಇದೇ ಅವಳ ಊರು. ಅವಳಮ್ಮ, ಒಬ್ಬಳನ್ನೇ ಬಿಟ್ಟು ಬರಬೇಡ, ಅವಳನ್ನೂ ಕರ್ಕೊಂಡು ಬಾ ಅಂದ್ರಂತೆ. ಅಡುಗೆಮನೇಲಿ ಅವರ ಜೊತೆ ಮಾತಾಡಿ ಮಾತಾಡಿನೇ ಸ್ವೀಡಿಷ್ ಬಂದಿದ್ದು. ವೀಸಾ ನೋಡೋ ಮೈಗ್ರೇಷನ್ ಆಫೀಸಿಗೂ ಎಲ್ಲ ಬರೆದಿದೀನಿ, ಉತ್ತರ ಬಂದಿಲ್ಲ."

"ಆಸ್ಪತ್ರೆಯವರು ಮನೆಯವರಿಗೆ ತಿಳಿಸಬೇಕಲ್ವಾ? ನಾನು ಇದೇ ದೇಶದಲ್ಲಿ ಇದೀನಲ್ಲ!"

"ಹತ್ತಿರದ ಸಂಬಂಧಿ ಯಾರು ಅಂತ ಕೇಳಿದ್ರು. ಮಾಯ್ಕೆನ್ ಅಂದೆ."

ಅವಿನಾಶ್ ಹೆಂಡತಿಯ ಭುಜದ ಮೇಲೆ ಕೈಯಿಟ್ಟ. ಲಾವಣ್ಯಾ ಆ ಕೈಯನ್ನು ಸರಿಸಿದಳು. ಅವಳ ತಲೆ ಆಗಲೇ ಓಡತೊಡಗಿತ್ತು. ಲುಂಡ್‌ನಲ್ಲಿ ಒಳ್ಳೆಯ ಡಾಕ್ಟರು ಯಾರು, ವೀಸಾಕ್ಕೆ ವಕೀಲರು ಯಾರು, ಮನೆಯ ಚಿಕ್ಕ ರೂಮು ಖಾಲಿ ಮಾಡಲು ಎಷ್ಟು ದಿನ ಬೇಕು. "ಸರಿ. ನಾಳೆ ನಮ್ಮ ಜೊತೆ ಬಸ್ ಹತ್ತು," ಎಂದಳು. "ಮಿಕ್ಕಿದ್ದು ನಾನು ನೋಡ್ಕೋತೀನಿ. ಮೊದಲು ಅಮ್ಮನಿಗೆ ಹೇಗೆ ಹೇಳೋದು ಅಂತ ಯೋಚನೆ ಮಾಡಬೇಕು. ಬಿಪಿ ಇದೆ ಅವರಿಗೆ. ನಾನೇ ಹೇಳ್ತೀನಿ."

ಶ್ರಾವಣಿ ಉಗುರು ಕಚ್ಚಿದಳು. "ಅಕ್ಕ," ಎಂದಳು. "ಅಮ್ಮನಿಗೆ ಗೊತ್ತು."

"ಏನು ಗೊತ್ತು?"

"ಎಲ್ಲ. ಫೆಬ್ರವರಿಯಿಂದ."

ಸೇತುವೆಯ ಮೇಲೆ ತಂಗಿಯ ಮುಖ ಕಂಡಾಗಲೂ ಲಾವಣ್ಯಾಳಿಗೆ ನೆಲ ಕಾಲಡಿ ಇತ್ತು. ಈಗ ಅದೂ ಇಲ್ಲದಂತಾಯಿತು. ಅಮ್ಮ ನಿನ್ನೆಯಷ್ಟೇ ಫೋನಿನಲ್ಲಿ ಮಾವಿನಕಾಯಿ ಉಪ್ಪಿನಕಾಯಿಯ ವಿಷಯ ಮಾತಾಡಿದ್ದರು. "ಶ್ರಾವಣಿ ಓದು ಹೇಗಿದೆಯಂತೆ?" ಎಂದು ಎಂದಿನ ದನಿಯಲ್ಲೇ ಕೇಳಿದ್ದರು. ಚೆನ್ನಾಗಿ ನಡೀತಿದೆ ಎಂದು ತಾನು ವಿವರವಾಗಿ ಹೇಳಿದ್ದಳು. ಅವರು ಕೇಳಿಸಿಕೊಂಡಿದ್ದರು.

ಅವಳು ಎದ್ದು ಹತ್ತು ಹೆಜ್ಜೆ ದೂರ ಹೋಗಿ ಬೆಂಗಳೂರಿಗೆ ಫೋನು ಮಾಡಿದಳು. ಅಲ್ಲಿ ಮಧ್ಯಾಹ್ನ ಮೂರೂವರೆ ದಾಟಿತ್ತು. "ಶ್ರಾವಣಿ ನನ್ನೆದುರಿಗಿದಾಳೆ," ಎಂದಷ್ಟೇ ಹೇಳಿದಳು.

"ಗೊತ್ತಾಯ್ತಾ," ಎಂದರು ಅಮ್ಮ.

"ನಂಗೆ ಮಾತ್ರ ಹೇಳಬೇಡ ಅಂದ್ಲಾ ಅವಳು?"

"ಅವಳಲ್ಲ. ನಾನೇ ಅಂದಿದ್ದು."

"ಯಾಕಮ್ಮ?"

"ನಿಮ್ಮಪ್ಪನ ವೈಕುಂಠ ಸಮಾರಾಧನೆ ಆದ ಮಾರನೇ ದಿನ ನೀನು ಅವಳ ಕೈಗೆ ಗಣಿತದ ಪುಸ್ತಕ ಕೊಟ್ಟು ಕೂರಿಸಿದೆ. ನೆನಪಿದ್ಯಾ? ಪರೀಕ್ಷೆ ಇತ್ತು, ಸರಿ. ಪಾಸೂ ಆದ್ಲು. ಆದ್ರೆ ಆ ಮಗು ಅಪ್ಪನಿಗೋಸ್ಕರ ನಮ್ಮ ಮುಂದೆ ಒಂದ್ಸಲನೂ ಅತ್ತಿರ್ಲಿಲ್ಲ ಕಣೆ. ಆಸ್ಪತ್ರೆಯಿಂದ ನಂಗೆ ಫೋನ್ ಮಾಡಿದಾಗ ಮೊದಲನೇ ಸಲ ಅತ್ಲು. ಎರಡು ಗಂಟೆ. ನಿಂಗೆ ಹೇಳಿದ್ರೆ ನೀನು ಅವತ್ತೇ ಫ್ಲೈಟ್ ಹತ್ತಿ ಹೋಗಿ ಎಲ್ಲ ಸರಿ ಮಾಡ್ತಿದ್ದೆ. ಅವಳು ಅಳೋದು ಮತ್ತೆ ನಿಂತುಹೋಗ್ತಿತ್ತು."

ಲಾವಣ್ಯಾಳ ದನಿ ಏರಿತು. ದಾರಿಹೋಕರು ತಿರುಗಿ ನೋಡಿದರು. "ಇನ್ಯಾರು ಮಾಡಬೇಕಿತ್ತಮ್ಮ? ನೀವು ಹಾಸಿಗೆ ಬಿಟ್ಟು ಏಳ್ತಿರ್ಲಿಲ್ಲ. ಅಡುಗೆ ನಾನು, ಬ್ಯಾಂಕು ನಾನು, ಅವಳ ಸ್ಕೂಲು ನಾನು. ನಂಗೆ ಇಪ್ಪತ್ತೊಂದು ವರ್ಷ ಆಗ!"

"ಹೌದು," ಎಂದರು ಅಮ್ಮ. "ಅದು ನನ್ನ ತಪ್ಪು. ಎಲ್ಲ ನಿನ್ನ ತಲೆ ಮೇಲೆ ಹಾಕ್ದೆ. ಈ ಸಲನಾದ್ರೂ ಹಾಕಬಾರದು ಅನ್ನಿಸ್ತು. ಅದಕ್ಕೂ ಹೇಳ್ಲಿಲ್ಲ."

ಲಾವಣ್ಯಾ ಫೋನು ಕಟ್ ಮಾಡಿ, ಬೆಂಚಿನ ಕಡೆ ತಿರುಗಿಯೂ ನೋಡದೆ ನಡೆಯತೊಡಗಿದಳು.

ಯಾವ ಬೀದಿ, ಎಷ್ಟು ನಿಮಿಷ ಎಂಬುದೊಂದೂ ಗೊತ್ತಿರಲಿಲ್ಲ. ಕಾಲುವೆಯ ದಡ ಹಿಡಿದು ಹೋದಳು, ಯಾವುದೋ ಸೇತುವೆ ದಾಟಿದಳು, ಟ್ರಾಮಿನವನು ಗಂಟೆ ಬಾರಿಸಿದಾಗ ಹಿಂದೆ ಸರಿದಳು. ಗಣಿತದ ಪುಸ್ತಕ ಅವಳಿಗೆ ನೆನಪಿತ್ತು. ಕಂದು ಬೈಂಡಿನ ಮೇಲೆ ಅಪ್ಪ ಬರೆದುಕೊಟ್ಟ ಲೇಬಲ್ಲು, ಅದರ ಮೇಲೆ ಅಪ್ಪನ ಅಕ್ಷರ. ಅದನ್ನು ನೋಡಲಾಗದೆ ಲೇಬಲ್ಲಿನ ಮೇಲೆ ಕೈ ಮುಚ್ಚಿಕೊಂಡೇ ಲೆಕ್ಕ ಹೇಳಿಕೊಟ್ಟಿದ್ದಳು. ಅದನ್ನು ಯಾರಿಗೂ ಹೇಳಿರಲಿಲ್ಲ. ತನಗೂ ಹೇಳಿಕೊಂಡಿರಲಿಲ್ಲ.

ಕೊನೆಗೆ ಕಾಲುವೆ ನದಿಗೆ ಸೇರುವಲ್ಲಿ ನೆಲ ಮುಗಿಯಿತು. ಎದುರಿಗೆ ಹಡಗುಗಳು. ಅಲ್ಲೊಂದು ಮರದ ಹಲಗೆಯ ಕಟ್ಟೆಯ ಮೇಲೆ ಕೂತಳು. ಎಷ್ಟು ಹೊತ್ತು ಕೂತಿದ್ದಳೋ, ಪಕ್ಕದಲ್ಲಿ ಯಾರೋ ಬಂದು ಕೂತ ಹಾಗಾಯಿತು.

"ಭಾವ ಹಾಸ್ಟೆಲ್‌ಗೆ ಹೋದ್ರು. ಇರಾಗೆ ನಿದ್ದೆ ಬಂದಿತ್ತು," ಎಂದಳು ಶ್ರಾವಣಿ. ಏದುಸಿರು ಬಿಡುತ್ತಿದ್ದಳು. "ನಾನು ಎಲ್ಲ ಕಡೆ ಹುಡುಕಿದೆ. ಹೆದರಿಕೆ ಆಯ್ತು ಅಕ್ಕ."

ಲಾವಣ್ಯಾ ತಂಗಿಯ ಕಡೆ ತಿರುಗಿದಳು. ಹೇಳಬೇಕಾದದ್ದು ನೂರಿತ್ತು, ಕೇಳಬೇಕಾದದ್ದೂ ಇತ್ತು. ಬಾಯಿಗೆ ಬಂದದ್ದು ಒಂದೇ. "ಆಸ್ಪತ್ರೇಲಿ ತಿನ್ನಕ್ಕೆ ಏನು ಕೊಡ್ತಿದ್ರೆ?"

ಶ್ರಾವಣಿ ಬೆರಗಾಗಿ ನೋಡಿದಳು. "ಆಲೂಗಡ್ಡೆ. ದಿನಾ ಬೇಯಿಸಿದ ಆಲೂಗಡ್ಡೆ. ಉಪ್ಪೂ ಇರ್ತಿರ್ಲಿಲ್ಲ."

"ತಿಂದ್ಯಾ?"

"ಮೊದಲು ತಿನ್ಲಿಲ್ಲ. ಆಮೇಲೆ ಒಬ್ಬ ನರ್ಸ್ ಎಲ್ಲಿಂದಲೋ ಒಂದು ಸೀಸೆ ಮಾವಿನ ಚಟ್ನಿ ತಂದ್ಕೊಟ್ಲು. ಸಿಹಿ ಅದು, ಜಾಮಿನ ಥರ. ಇಂಡಿಯಾದವರು ಇದನ್ನೇ ತಿನ್ನೋದು ಅಂದ್ಕೊಂಡಿದ್ಲು ಪಾಪ. ಅದನ್ನೇ ಹಾಕ್ಕೊಂಡು ತಿಂದೆ."

ಲಾವಣ್ಯಾಳಿಗೆ ನಗು ಬಂತು. ನಗು ಅರ್ಧ ದಾರಿಯಲ್ಲೇ ಬೇರೆಯಾಯಿತು. ಹದಿಮೂರು ವರ್ಷದಲ್ಲಿ ತಂಗಿಯ ಮುಂದೆ ಅವಳು ಅತ್ತದ್ದು ಅದೇ ಮೊದಲು. ಬಿಕ್ಕಿ ಬಿಕ್ಕಿ, ಮೂಗು ಸೋರುತ್ತ, ನಾಚಿಕೆಯಿಲ್ಲದೆ ಅತ್ತಳು. ಶ್ರಾವಣಿ ಗಾಬರಿಯಿಂದ ಅವಳನ್ನೇ ನೋಡಿದಳು. ಅಕ್ಕನನ್ನು ಹೀಗೆ ಅವಳು ಎಂದೂ ಕಂಡಿರಲಿಲ್ಲ. ಏನು ಮಾಡಬೇಕೆಂದು ಗೊತ್ತಾಗಲಿಲ್ಲ. ಕಡೆಗೆ ಜಾಕೆಟ್ಟಿನ ತೋಳಿನಿಂದ ಅಕ್ಕನ ಮುಖ ಒರೆಸಿದಳು.

ಮರುದಿನ ಶ್ರಾವಣಿ ಅವರ ಜೊತೆ ಬಸ್ಸು ಹತ್ತಲಿಲ್ಲ. ಹತ್ತು ಎಂದು ಲಾವಣ್ಯಾಳೂ ಮತ್ತೆ ಹೇಳಲಿಲ್ಲ. ನಾಲಿಗೆಯ ತುದಿಗೆ ಬಂದದ್ದನ್ನು ಎರಡು ಸಲ ನುಂಗಿಕೊಂಡಳು. ಅವಿನಾಶ್ ಅದನ್ನು ನೋಡಿದ.

ಸೆಪ್ಟೆಂಬರಿನಲ್ಲಿ ಮೈಗ್ರೇಷನ್ ಕಚೇರಿಯ ಉತ್ತರ ಬಂತು: ಓದು ಮುಂದುವರಿದಿಲ್ಲವಾದ್ದರಿಂದ ಪರ್ಮಿಟ್ ವಿಸ್ತರಿಸಲಾಗದು. "ಅಪೀಲ್ ಹಾಕ್ತೀಯಾ? ನಂಗೆ ಒಬ್ಬ ವಕೀಲರು ಗೊತ್ತು," ಎಂದು ಲಾವಣ್ಯಾ ಒಂದೇ ಸಲ ಕೇಳಿದಳು. ಶ್ರಾವಣಿ ಬೇಡ ಎಂದಳು. ಬೆಂಗಳೂರಿಗೆ ಹೋಗಿ ಅಮ್ಮನ ಜೊತೆ ಸ್ವಲ್ಪ ದಿನ ಇದ್ದು, ಆಮೇಲೆ ನೋಡುತ್ತೇನೆ ಎಂದಳು. ಹೊರಡುವ ದಿನ ಲುಂಡ್‌ಗೆ ಹತ್ತಿರವಾದ ಕೋಪನ್‌ಹೇಗನ್ ವಿಮಾನ ನಿಲ್ದಾಣಕ್ಕೆ ಮಾಯ್ಕೆನ್ ಮತ್ತು ಅವಳ ತಾಯಿಯೂ ಬಂದಿದ್ದರು. ಆ ತಾಯಿ ಲಾವಣ್ಯಾಳನ್ನು ಬಿಗಿಯಾಗಿ ಅಪ್ಪಿಕೊಂಡು ಸ್ವೀಡಿಷ್‌ನಲ್ಲಿ ಉದ್ದಕ್ಕೆ ಏನೋ ಹೇಳಿದಳು. ಅರ್ಧ ಅರ್ಥವಾಯಿತು. ಶ್ರಾವಣಿ ಭಾಷಾಂತರಿಸಲು ಹೋಗಿ, ನಾಚಿ, "ಏನಿಲ್ಲ ಬಿಡು," ಎಂದಳು.

ಅವಳು ಒಳಗೆ ಹೋದ ಮೇಲೂ ಲಾವಣ್ಯಾ ಗಾಜಿನ ಈಚೆ ನಿಂತೇ ಇದ್ದಳು. ಬೆಂಗಳೂರಿಗೆ ಹೋಗಿ ಚಿಕ್ಕಿ ಏನು ಕೆಲಸ ಮಾಡ್ತಾಳೆ ಎಂದು ಇರಾ ಸ್ವೀಡಿಷ್‌ನಲ್ಲಿ ಕೇಳಿದಳು.

"ಗೊತ್ತಿಲ್ಲ ಪುಟ್ಟಿ," ಎಂದಳು ಲಾವಣ್ಯಾ. "ಅವಳನ್ನೇ ಕೇಳಬೇಕು."